‘ಏನ್ ಸಮಾಚಾರ?’ ಅಂದವರಿಗೆ ‘ಏನಿಲ್ಲ’ ಅಂದಿದ್ದೆ

ಐಬಿ (ಕೇಂದ್ರದ ಗುಪ್ತಚರ ಸಂಸ್ಥೆ, ಇಂಟೆಲಿಜೆನ್ಸ್ ಬ್ಯೂರೊ) ಸಂದರ್ಶನಕ್ಕೆ ಎರಡು ಸಲ ಹೋಗಿ ಬಂದವನು ನಾನು. ಎರಡು ಸಲವೂ ಕೊನೆಯ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲಸ ಸಿಕ್ಕಿದ್ದರೆ ನಾನು ಇದನ್ನು ಬರೆಯುವ ಹಾಗೇ ಇರಲಿಲ್ಲ. ಗುಪ್ತಚರ ಸಂಸ್ಥೆಗಳ ನೌಕರರಿಗೆಂದೇ 1985ರ ಒಂದು ಕಾಯ್ದೆ ಇದೆ. ಸಂಘ ಕಟ್ಟುವಂತಿಲ್ಲ, ಅನುಮತಿ ಇಲ್ಲದೆ ಪತ್ರಿಕೆಯವರ ಹತ್ತಿರ ಬಾಯಿ ಬಿಡುವಂತಿಲ್ಲ. ಹಾಗಾಗಿ ‘ಐಬಿ ಇಂಟರ್‌ವ್ಯೂ ಹಿಂಗಿರುತ್ತೆ’ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡುವವರು ಹೆಚ್ಚುಕಮ್ಮಿ ನನ್ನ ಹಾಗೆ ಬಾಗಿಲ ತನಕ ಹೋಗಿ ವಾಪಸ್ ಬಂದವರೇ.

ಈಗ ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಎಫ್‌ಡಿಎ ಆಗಿದ್ದೇನೆ. ಭಾನುವಾರ ಬೆಂಗಳೂರಿನ ವಿಜಯನಗರದ ಕಡೆ ಹೋಗುತ್ತೇನೆ. ಸಂದರ್ಶನಕ್ಕೆ ಕರೆ ಬಂದಿರುವ ಹುಡುಗ ಹುಡುಗಿಯರು ನಾಲ್ಕೈದು ಜನ ಸೇರಿರುತ್ತಾರೆ, ಕೂರಿಸಿಕೊಂಡು ಪ್ರಶ್ನೆ ಕೇಳುತ್ತೇನೆ. ಫೀಸು ಒಂದು ಬೈಟು ಕಾಫಿ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಯಾಕೆ ಐಬಿ?’

ಹೆಚ್ಚಿನವರು ನಾನು ಮೊದಲ ಸಲ ಹೇಳಿದ್ದನ್ನೇ ಹೇಳುತ್ತಾರೆ. ‘ಚಿಕ್ಕಂದಿನಿಂದ ದೇಶಸೇವೆ ಮಾಡಬೇಕು ಅಂತ ಆಸೆ ಸರ್.’

ನಾನು ಅದನ್ನು ಹೇಳಿದಾಗ ಬೋರ್ಡಿನ ನಡುವೆ ಕೂತಿದ್ದವರು ಕನ್ನಡಕ ತೆಗೆದು ಕೇಳಿದ್ದರು: ‘ಇಲ್ಲಿಗೆ ಹೇಗೆ ಬಂದ್ರಿ?’

‘ಬಸ್ಸಲ್ಲಿ ಸರ್.’

‘ಆ ಬಸ್ ಓಡಿಸಿದವರು ಮಾಡ್ತಿರೋದು ದೇಶಸೇವೆ ಅಲ್ವಾ? ನೀವ್ಯಾಕೆ ಬಿಎಂಟಿಸಿಗೆ ಅರ್ಜಿ ಹಾಕ್ಲಿಲ್ಲ?’

ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಆದರೆ ನನ್ನ ತಲೆಯೊಳಗೆ ಅದು ಕನ್ನಡದಲ್ಲೇ ಉಳಿದಿದೆ. ಉತ್ತರ ಹೊಳೆಯಲಿಲ್ಲ. ‘ಅದೂ ದೇಶಸೇವೆನೇ ಸರ್’ ಅಂದೆ. ‘ಸರಿ, ಹಾಗಾದ್ರೆ ನನ್ನ ಪ್ರಶ್ನೆ ಹಾಗೇ ಉಳೀತು’ ಅಂದರು. ಪಕ್ಕದಲ್ಲಿದ್ದವರು ಇನ್ನೊಂದು ಕೇಳಿದರು: ‘ಒಬ್ಬ ಶಂಕಿತ ಸಿಕ್ಕಿದಾನೆ ಅಂತ ಇಟ್ಕೊಳ್ಳಿ. ನೀವು ಐಬಿ ಅಧಿಕಾರಿ. ಮುಂದೇನು ಮಾಡ್ತೀರಿ?’ ಅರೆಸ್ಟ್ ಮಾಡುತ್ತೇನೆ ಅಂದೆ. ಎದೆಯುಬ್ಬಿಸಿಯೇ ಅಂದೆ.

ಐಬಿಗೆ ಯಾರನ್ನೂ ಬಂಧಿಸುವ ಅಧಿಕಾರ ಇಲ್ಲ. ಅಷ್ಟು ಗೊತ್ತಿಲ್ಲದೆ ‘ಚಿಕ್ಕಂದಿನ ಆಸೆ’ ಅಂತ ಹೇಳಿಕೊಂಡು ಹೋಗಿದ್ದೆ.

ಆ ಸಲ ನಾನು ಅರ್ಜಿ ಹಾಕಿದ್ದು 2017ರಲ್ಲಿ. ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ರಿಟರ್ನ್ಸ್ ತುಂಬುತ್ತಿದ್ದೆ. ಹುದ್ದೆ ಅಸಿಸ್ಟೆಂಟ್ ಸೆಂಟ್ರಲ್ ಇಂಟೆಲಿಜೆನ್ಸ್ ಆಫೀಸರ್ ಗ್ರೇಡ್ 2, ಬಾಯಲ್ಲಿ ಎಸಿಐಒ. ಒಂದು ಗಂಟೆಯಲ್ಲಿ 100 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಕಟ್. ಆಮೇಲೆ 50 ಅಂಕದ ಇಂಗ್ಲಿಷ್ ಬರವಣಿಗೆ. ಅದಾದ ಮೇಲೆ ಸಂದರ್ಶನ, ಅದಕ್ಕೇ 100 ಅಂಕ. ಹಂಪಿನಗರದ ಲೈಬ್ರರಿಯಲ್ಲಿ ಬೆಳಿಗ್ಗೆ ಬೇಗ ಹೋಗಿ ಸೀಟು ಹಿಡಿಯುತ್ತಿದ್ದೆವು. ಗಣಿತ, ರೀಸನಿಂಗ್ ಎಲ್ಲ ಅರೆದು ಕುಡಿದೆ. ‘ಯಾಕೆ ಐಬಿ’ ಅನ್ನುವುದಕ್ಕೆ ಮಾತ್ರ ಒಂದು ದಿನವೂ ಕೂರಲಿಲ್ಲ. ಅದಕ್ಕೇನು ಓದೋದು ಅನ್ನುವ ಧಿಮಾಕು.

ಇನ್ನು ಅಪ್ಪ. ಈಜಿಪುರದಲ್ಲಿ ನಮ್ಮದೊಂದು ಸಣ್ಣ ದರ್ಶಿನಿ ಇತ್ತು. ಅಪ್ಪ ಚನ್ನರಾಯಪಟ್ಟಣದ ಕಡೆಯವರು. ಹಾಲ್ ಟಿಕೆಟ್ ಬಂದ ದಿನದಿಂದ ಗಲ್ಲಾದಲ್ಲಿ ಕೂತು ಟೋಕನ್ ಕೊಡುತ್ತಾ ಎಲ್ಲರಿಗೂ ‘ನಮ್ ಹುಡುಗ ಸಿಐಡಿ ಆಗ್ತಾವ್ನೆ’ ಅಂತ ಸಾರಿಬಿಟ್ಟಿದ್ದರು. ಹಾಲಿನವನು, ಗ್ಯಾಸಿನವನು, ಎದುರು ಮನೆ ಅಜ್ಜಿ, ಎಲ್ಲರೂ ಹೋಗ್ತಾ ಬರ್ತಾ ನನಗೆ ಸಲ್ಯೂಟ್ ಹೊಡೆಯುವವರೇ. ಫೇಲಾದ ಮೇಲೆ ಆ ಸಲ್ಯೂಟು ನಿಲ್ಲುವುದಕ್ಕೆ ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳಲ್ಲಿ ನಾನು ಮೊದಲು ಮಾಡಿದ್ದು, ಈ ಕೆಲಸ ಏನು ಅಂತ ತಿಳಿದುಕೊಂಡದ್ದು. ಐಬಿ ಶುರುವಾದದ್ದು 1887ರ ಡಿಸೆಂಬರ್ 23ರಂದು, ಸೆಂಟ್ರಲ್ ಸ್ಪೆಷಲ್ ಬ್ರಾಂಚ್ ಅನ್ನುವ ಹೆಸರಿನಲ್ಲಿ. ಈಗ ಗೃಹ ಸಚಿವಾಲಯದ ಕೆಳಗಿದೆ. ದೇಶದ ಒಳಗಿನದು, ಹೊರಗಿನದು ಎರಡನ್ನೂ ಅದೇ ನೋಡುತ್ತಿತ್ತು. 1962ರಲ್ಲಿ ಚೀನಾ, 1965ರಲ್ಲಿ ಪಾಕಿಸ್ತಾನ, ಎರಡು ಯುದ್ಧಗಳಾದ ಮೇಲೆ ಹೊರಗಿನದಕ್ಕೆ ಬೇರೆಯೇ ಸಂಸ್ಥೆ ಬೇಕು ಅಂತ 1968ರಲ್ಲಿ ಆರ್.ಎನ್. ಕಾವ್ ಅವರ ಕೈಯಲ್ಲಿ ‘ರಾ’ ಕಟ್ಟಿಸಿದರು. ‘ರಾ’ ಸೇರಬೇಕು ಅಂತ ನನ್ನ ಹತ್ತಿರ ಬರುವ ಹುಡುಗರಿಗೆ ಮೊದಲು ಹೇಳುವುದು, ಅದಕ್ಕೆ ಎಸಿಐಒ ಥರ ಎಲ್ಲರಿಂದ ಅರ್ಜಿ ಕರೆಯುವ ಪರೀಕ್ಷೆ ಇಲ್ಲ ಕಣ್ರೋ ಅಂತ.

ಎಸಿಐಒ ಮಾಡುವುದು ಸಿನಿಮಾದಲ್ಲಿ ತೋರಿಸುವ ಕೆಲಸ ಅಲ್ಲ. ಕೇಳುವುದು, ನೋಡುವುದು, ತಾಳೆ ಹಾಕುವುದು, ಬರೆದು ಮೇಲಕ್ಕೆ ಕಳಿಸುವುದು. ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಾ ಕೂರುವುದೂ ಇದರಲ್ಲೇ ಬರುತ್ತದೆ. ಬ್ಯೂರೊ ಆಫ್ ಇಮಿಗ್ರೇಷನ್ 1971ರಿಂದ ಐಬಿಯ ಕೈಕೆಳಗೇ ಇದೆ. ಎಫ್‌ಐಆರ್ ಹಾಕುವುದು, ಚಾರ್ಜ್‌ಶೀಟ್ ಕೊಡುವುದು ಪೊಲೀಸರಿಗೆ, ಮುಂಬೈ ದಾಳಿಯ ನಂತರ ಹುಟ್ಟಿದ ಎನ್‌ಐಎಗೆ ಬಿಟ್ಟದ್ದು. ಬರೆದು ಕಳಿಸುವ ಕೆಲಸ ನಿನಗೆ ಒಗ್ಗುತ್ತದಾ ಅಂತ ನನ್ನನ್ನೇ ಕೇಳಿಕೊಂಡೆ. ಆಡಿಟರ್ ಕಚೇರಿಯಲ್ಲಿ ಬಿಲ್ಲಿಗೂ ಲೆಡ್ಜರಿಗೂ ತಾಳೆ ಹಾಕುತ್ತಾ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಒಗ್ಗಬಹುದು ಅನ್ನಿಸಿತು. ಆದರೂ ಯಾಕೆ ಅನ್ನುವುದಕ್ಕೆ ಅದು ಸಾಲದು. ತಾಳೆ ಹಾಕುವ ಕೆಲಸ ಬ್ಯಾಂಕಿನಲ್ಲೂ ಇದೆ.

ಉತ್ತರ ಸಿಕ್ಕಿದ್ದು ನಮ್ಮ ಹೋಟೆಲಿನಲ್ಲೇ, ಒಬ್ಬ ಗಿರಾಕಿಯಿಂದ.

ಬೆಂಗಳೂರಿನ ಪ್ರತಿ ಪೊಲೀಸ್ ಠಾಣೆಗೂ ಒಬ್ಬ ಎಸ್‌ಬಿ ಕಾನ್‌ಸ್ಟೇಬಲ್ ಇರುತ್ತಾರೆ. ಎಸ್‌ಬಿ ಅಂದರೆ ಸ್ಪೆಷಲ್ ಬ್ರಾಂಚ್. ಸಾಮಾನ್ಯವಾಗಿ ಯೂನಿಫಾರ್ಮ್ ಹಾಕುವುದಿಲ್ಲ. ಏರಿಯಾದಲ್ಲಿ ಧರಣಿ ಎಲ್ಲಿ, ಗಣೇಶನ ಪೆಂಡಾಲು ಯಾರದ್ದು, ಸಭೆಗೆ ಎಷ್ಟು ಜನ ಬಂದರು, ಎಲ್ಲ ಇವರ ನೋಟ್‌ಬುಕ್ಕಿನಲ್ಲಿ. ನಮ್ಮ ಹೋಟೆಲಿಗೆ ಬರುತ್ತಿದ್ದ ಎಸ್‌ಬಿಯವರನ್ನು ನಾನು ಹೈಸ್ಕೂಲಿನಿಂದ ‘ಮಾಮ’ ಅನ್ನುತ್ತಿದ್ದೆ. (ಅವರ ಹೆಸರು, ಠಾಣೆ ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ. ಕಾರಣ ಮುಂದೆ ಗೊತ್ತಾಗುತ್ತದೆ.) ಬೆಳಿಗ್ಗೆ ಹತ್ತೂವರೆಗೆ, ತಿಂಡಿ ಗಲಾಟೆ ಇಳಿದ ಮೇಲೆ ಬಂದು, ಗಲ್ಲಾ ಪಕ್ಕ ನಿಂತು, ಸ್ಟ್ರಾಂಗ್ ಕಾಫಿ ಹಿಡಿದು, ಯಾರ ಮುಖವನ್ನೂ ನೋಡದೆ ‘ಏನ್ ಸಮಾಚಾರ?’ ಅನ್ನುತ್ತಿದ್ದರು. ಕಾಫಿ ದುಡ್ಡು ಮಾತ್ರ ತಪ್ಪದೆ ಇಡುತ್ತಿದ್ದರು. ಪೊಲೀಸರ ವಿಷಯದಲ್ಲಿ ಇದನ್ನು ಬರೆದೇ ತೀರಬೇಕು.

ನಾನು ಫೇಲಾದಾಗ ಅವರು ರಿಟೈರಾಗಿದ್ದರು, ಆದರೂ ಹತ್ತೂವರೆಯ ಕಾಫಿ ಬಿಟ್ಟಿರಲಿಲ್ಲ. ನನ್ನ ಕಥೆ ಕೇಳಿ, ‘ನಿಂಗೆ ಮಾತಾಡಕ್ಕೆ ಕಲ್ಸಿದಾರೆ ಕಣಪ್ಪ, ಕೇಳಕ್ಕೆ ಕಲ್ಸಿಲ್ಲ’ ಅಂದರು. ಅಂದಿನಿಂದ ದಿನಾ ಒಂದು ಕೆಲಸ ಕೊಟ್ಟರು. ಹಳೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಮೂರು ಗೆರೆ ಎಳೆದು ಕಂಡದ್ದು, ಕೇಳಿದ್ದು, ಅಂದುಕೊಂಡದ್ದು ಅಂತ ಮೂರು ಕಾಲಂ. ಸಂಜೆ ಐದರಿಂದ ಆರರ ತನಕ ಹೋಟೆಲಿನ ಮುಂದೆ ಆದದ್ದನ್ನು ಅದರಲ್ಲಿ ತುಂಬಬೇಕು.

ಮೊದಲ ದಿನ ಬರೆದೆ: ‘ಎದುರು ಬಿಲ್ಡಿಂಗ್ ಓನರಿಗೂ ಬಾಡಿಗೆಯವರಿಗೂ ಜಗಳ.’ ಅದನ್ನು ‘ಕಂಡದ್ದು’ ಕಾಲಂನಲ್ಲಿ ಹಾಕಿದ್ದೆ. ಮಾಮ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೇಳಿದರು.

‘ಜಗಳ ನೋಡಿದ್ಯಾ?’

‘ಹೂಂ ಮಾಮ, ಕೈ ಎತ್ತಿ ಮಾತಾಡ್ತಿದ್ರು.’

‘ಕೈ ಎತ್ತಿದ್ದು ಕಂಡೆ. ಜಗಳ ಅಂದ್ಕೊಂಡೆ. ಬಾಡಿಗೆಯವ್ರು ಅಂತ ಯಾರ್ ಹೇಳಿದ್ದು?’

‘ಹಾಲಿನವನು.’

‘ಅವ್ನಿಗೆ ಓನರ್ ಮೂರು ತಿಂಗಳ ಬಾಕಿ ಕೊಡ್ಬೇಕು. ಅವ್ನ್ ಮಾತಿಗೆ ಎಷ್ಟ್ ತೂಕ?’

ಒಂದು ಸಾಲು ಮೂರು ಕಾಲಂಗೆ ಹರಿದು ಹಂಚಿಹೋಯಿತು. ಆಮೇಲೆ ಓದುವಾಗ ಗೊತ್ತಾಯಿತು, ಹಲವು ದೇಶಗಳ ಗುಪ್ತಚರರು ಇದನ್ನೇ ಅಕ್ಷರ, ಅಂಕಿಯಲ್ಲಿ ಬರೆಯುತ್ತಾರೆ: ಸುದ್ದಿ ತಂದವನಿಗೆ ಎ ಇಂದ ಎಫ್ ತನಕ, ಸುದ್ದಿಗೆ 1ರಿಂದ 6ರ ತನಕ. ಒಳ್ಳೆಯವನೂ ತಪ್ಪು ಸುದ್ದಿ ತರಬಹುದು, ಸುಳ್ಳನ ಬಾಯಲ್ಲೂ ಒಂದು ನಿಜ ಬರಬಹುದು, ಅದಕ್ಕೇ ಎರಡನ್ನೂ ಬೇರೆ ಬೇರೆ ತೂಗುವುದು. ಮಾಮ ಆ ಕೋಷ್ಟಕ ಕಂಡವರಲ್ಲ. ಅವರ ತಕ್ಕಡಿಯಲ್ಲಿ ಹಾಲಿನವನು ಯಾವತ್ತೂ ಹಗುರ.

ಹೀಗೆ ನಾಲ್ಕೈದು ತಿಂಗಳಾದ ಮೇಲೆ ಒಂದು ದಿನ ಅವರೇ ಬೋರ್ಡಿನವರಾಗಿ ಕೂತು ಕೇಳಿದರು, ‘ಯಾಕಪ್ಪ ನಿಂಗೆ ಈ ಕೆಲ್ಸ?’ ನಾನು ಕಾರ್ಗಿಲ್‌ನಿಂದ ಶುರುಮಾಡಿದೆ. 1999ರ ಮೇ ತಿಂಗಳಲ್ಲಿ ಕಳೆದುಹೋದ ಯಾಕ್ ಹುಡುಕಿಕೊಂಡು ಗುಡ್ಡ ಹತ್ತಿದ ಕುರಿಗಾಹಿ ತಾಶಿ ನಾಮ್‌ಗ್ಯಾಲ್, ಅಪರಿಚಿತರು ಬಂಕರ್ ತೋಡುತ್ತಿರುವುದನ್ನು ಕಂಡು ಸೇನೆಗೆ ಹೇಳಿದ್ದು, ಯುದ್ಧದ ನಂತರ ಎಲ್ಲಿ ಎಡವಿದೆವು ಅಂತ ನೋಡಲು ಕೂತ ಕೆ. ಸುಬ್ರಹ್ಮಣ್ಯಂ ಸಮಿತಿ, 2001ರಲ್ಲಿ ಎಲ್ಲ ಸಂಸ್ಥೆಗಳ ಮಾಹಿತಿ ಒಂದೆಡೆ ಸೇರಲಿ ಅಂತ ಐಬಿಯೊಳಗೆ ಮಾಡಿದ ಮಲ್ಟಿ ಏಜೆನ್ಸಿ ಸೆಂಟರ್... ಮಾಮ ಕಾಫಿ ಲೋಟ ಕೆಳಗಿಟ್ಟರು.

‘ಅದು ಆ ಕುರಿಗಾಹಿ ಕಥೆ. ನಿಂದ್ ಹೇಳು.’

‘ನಂದೇನಿದೆ ಮಾಮ.’

‘ಯಾಕಿಲ್ಲ? ನಿಮ್ಮಪ್ಪ ದೋಸೆ ಹಾಕಿದ್ ದಿವ್ಸ ಮರ್ತ್ಬಿಟ್ಯಾ?’

ಮರೆತಿರಲಿಲ್ಲ. ಅದನ್ನು ಸಂದರ್ಶನದ ಜೊತೆ ಸೇರಿಸಿ ನೋಡಿರಲಿಲ್ಲ, ಅಷ್ಟೆ.

2012ರ ಆಗಸ್ಟ್. ನಾನು ಸೆಕೆಂಡ್ ಪಿಯು. ಜುಲೈಯಿಂದ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊ ಬುಡಕಟ್ಟಿನವರಿಗೂ ಮುಸ್ಲಿಮರಿಗೂ ಗಲಭೆ ಎದ್ದಿತ್ತು. ನಮ್ಮ ಹೋಟೆಲಿನಲ್ಲಿ ಅಸ್ಸಾಮಿನವರು ನಾಲ್ಕು ಜನ ಇದ್ದರು: ಇಬ್ಬರು ಸಪ್ಲೈಯರ್, ಒಬ್ಬ ಕ್ಲೀನರ್, ಒಬ್ಬ ದೋಸೆ ಕಾವಲಿಯಲ್ಲಿ. ದೋಸೆ ಹುಡುಗ ಬೋಡೊ. ಎರಡು ವರ್ಷಕ್ಕೆ ಕನ್ನಡ ಕಲಿತು ‘ಒಂದ್ ಮಸಾಲೆ, ಎರಡ್ ಸೆಟ್ಟು’ ಅಂತ ಕೂಗುವಾಗ ಹೊರಗಿನವನು ಅಂತ ಗೊತ್ತೇ ಆಗುತ್ತಿರಲಿಲ್ಲ. ಆಗಸ್ಟ್ 13ರ ಸಂಜೆ, ಸೋಮವಾರ, ನಾನು ಗಲ್ಲಾದಲ್ಲಿ ಕೂತಿದ್ದೆ. ಅವನು ಬಂದು ಮೊಬೈಲ್ ತೋರಿಸಿದ. ಒಂದು ಮೆಸೇಜು, ರಂಜಾನ್ ಮುಗಿಯುವುದರೊಳಗೆ ಊರು ಸೇರಿಕೊಳ್ಳಿ, ಆಮೇಲೆ ಬಿಡುವುದಿಲ್ಲ ಅಂತ. ‘ಅಣ್ಣ, ನೀಲಸಂದ್ರದಲ್ಲಿ ನಮ್ಮವರಿಗೆ ಹೊಡೆದಿದ್ದಾರಂತೆ. ರೂಮಲ್ಲಿ ಎಲ್ಲಾ ಹೋಗೋಣ ಅಂತಿದ್ದಾರೆ.’

ನಾನು ನಕ್ಕುಬಿಟ್ಟೆ. ‘ಯಾವನೋ ತರಲೆ ಕಳ್ಸಿರ್ತಾನೆ, ಹೋಗಿ ಹಿಟ್ಟು ನೋಡು ಹೋಗೋ’ ಅಂದೆ.

ಮಾರನೇ ದಿನ ಕಾಲೇಜಿಗೆ ಹೋಗಲಿಲ್ಲ. ಹತ್ತೂವರೆಗೆ ಮಾಮ ಬಂದರು. ಗಲ್ಲಾ ಪಕ್ಕ ನಿಂತು ‘ಏನ್ ಸಮಾಚಾರ?’ ಅಂದರು. ‘ಏನಿಲ್ಲ ಮಾಮ’ ಅಂದೆ. ಕಾಫಿ ಕುಡಿದು, ದುಡ್ಡಿಟ್ಟು ಹೋದರು.

15ರ ರಾತ್ರಿ ಒಂಬತ್ತಕ್ಕೆ ನಾಲ್ಕೂ ಜನ ಬ್ಯಾಗು ಹಿಡಿದು ಅಪ್ಪನ ಮುಂದೆ ನಿಂತರು. ಅಪ್ಪ ಬೈದರು, ಸಮಾಧಾನ ಹೇಳಿದರು, ಕೊನೆಗೆ ಲೆಕ್ಕ ಮಾಡಿ ಸಂಬಳ ಕೈಗಿಟ್ಟು, ದಾರಿಗೆ ಅಂತ ಒಂದು ಪೊಟ್ಟಣ ಚಿತ್ರಾನ್ನ ಕಟ್ಟಿಸಿಕೊಟ್ಟರು. ಮೆಜೆಸ್ಟಿಕ್ ತನಕ ಬಿಟ್ಟು ಬರಲು ನಾನೂ ಹೋದೆ. ರೈಲ್ವೆ ನಿಲ್ದಾಣದ ಮುಂದೆ ಸಾವಿರಾರು ಜನ. ಸೆಕ್ಯೂರಿಟಿ ಯೂನಿಫಾರ್ಮನ್ನೂ ಬಿಚ್ಚದೆ ಬಂದವರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜು ಬ್ಯಾಗಿನವರು. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರೂ ಜನ ಹತ್ತುತ್ತಲೇ ಇದ್ದರು. 17ಕ್ಕೆ ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಅಂತ 15 ದಿನ ಮಿತಿ ಹಾಕಿತು. ಅಷ್ಟು ಹೊತ್ತಿಗೆ ರೈಲುಗಳು ಹೋಗಿಯಾಗಿತ್ತು.

16ರ ಬೆಳಿಗ್ಗೆ ಹಿಟ್ಟು ಮೂರು ಪಾತ್ರೆ ಉಬ್ಬಿ ಮುಚ್ಚಳ ಎತ್ತಿತ್ತು. ದೋಸೆ ಹಾಕುವವರಿಲ್ಲ. ಅಪ್ಪನೇ ಪಂಚೆ ಎತ್ತಿ ಕಟ್ಟಿ ಕಾವಲಿ ಮುಂದೆ ನಿಂತರು. ಗಲ್ಲಾದಲ್ಲಿ ಕೂತೇ ಇಪ್ಪತ್ತು ವರ್ಷವಾಗಿದ್ದ ಮನುಷ್ಯ. ಮೊದಲ ದೋಸೆ ಕಾವಲಿಗೇ ಅಂಟಿತು, ಎರಡನೆಯದು ಮಗುಚೋ ಕೈಗೆ ಅಂಟಿತು. ಗಿರಾಕಿಗಳು ಇಡ್ಲಿ ತಿಂದು ಎದ್ದರು. ಹತ್ತೂವರೆಗೆ ಮಾಮ ಬಂದವರು ‘ಏನ್ ಸಮಾಚಾರ’ ಅನ್ನಲಿಲ್ಲ. ಕಾವಲಿ ಮುಂದೆ ಅಪ್ಪನನ್ನು ನೋಡಿ, ನನ್ನನ್ನು ನೋಡಿ, ‘ಮೊನ್ನೆ ನಿಂಗೆ ಗೊತ್ತಿತ್ತಾ?’ ಅಂತ ಮಾತ್ರ ಕೇಳಿದರು.

ಗೊತ್ತಿತ್ತು. ಎರಡು ದಿನ ಮೊದಲೇ, ಮೆಸೇಜಿನ ಸಮೇತ ಗೊತ್ತಿತ್ತು. ಅದು ಯಾರಿಗಾದರೂ ಹೇಳಬೇಕಾದ ಸುದ್ದಿ ಅನ್ನುವುದಷ್ಟೇ ಗೊತ್ತಿರಲಿಲ್ಲ. ನಾನೊಬ್ಬ ಹೇಳಿದ್ದರೆ ರೈಲು ನಿಲ್ಲುತ್ತಿತ್ತು ಅಂತ ಕೊಚ್ಚಿಕೊಳ್ಳುವುದಿಲ್ಲ. ಆದರೆ ಆ ವಾರ ನನ್ನಂಥವರು ಎಷ್ಟು ಗಲ್ಲಾಗಳಲ್ಲಿ ಕೂತು ಎಷ್ಟು ಜನ ಎಸ್‌ಬಿಯವರಿಗೆ ‘ಏನಿಲ್ಲ’ ಅಂದಿರಬಹುದು?

ಇದೇ ನನ್ನ ಉತ್ತರ ಅಂತ ಮಾಮ ಹೇಳಿಕೊಡಲಿಲ್ಲ. ಅಂದು ರಾತ್ರಿ ನಾನೇ ಕೂತು ಬರೆದೆ. ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಶುರುಮಾಡಿದ್ದರೆ ಮತ್ತೆ ‘ಪ್ಯಾಷನ್’, ‘ಸರ್ವ್ ದ ನೇಷನ್’ ಅಂತ ಎರವಲು ಮಾತುಗಳೇ ಬರುತ್ತಿದ್ದವು. ಮೊದಲ ಸಲ ಎರಡು ಪುಟ ಆಯಿತು. ಅದರಲ್ಲಿ ಚಿತ್ರಾನ್ನದ ಪೊಟ್ಟಣವೂ ಇತ್ತು, ಅಪ್ಪನ ಪಂಚೆಯೂ ಇತ್ತು. ಬೋರ್ಡಿನವರು ಕಥೆ ಕೇಳಲು ಕೂತಿರುವುದಿಲ್ಲ. ಹೊಡೆದು ಹೊಡೆದು ನಾಲ್ಕು ಮಾತಿಗೆ ಇಳಿಸಿದೆ: ನನಗೊಂದು ಸುದ್ದಿ ಎರಡು ದಿನ ಮೊದಲೇ ಗೊತ್ತಿತ್ತು. ಕೇಳಿದವರಿಗೆ ಏನಿಲ್ಲ ಅಂದೆ. ಆಮೇಲೆ ಆದದ್ದು ಇದು. ಇಂಥ ಸುದ್ದಿಯನ್ನು ಗುರುತಿಸುವುದು, ಪರೀಕ್ಷಿಸುವುದು, ತಲುಪಬೇಕಾದ ಕಡೆಗೆ ತಲುಪಿಸುವುದೇ ಕೆಲಸವಾಗಿರುವ ಕಡೆ ಇರಬೇಕು ಅಂತ ಬಂದಿದ್ದೇನೆ. ಆಮೇಲೆ ಇಂಗ್ಲಿಷಿಗೆ ತಂದೆ. ಉರು ಹೊಡೆಯಲಿಲ್ಲ. ಆಗಿದ್ದೇ ತಾನೇ, ನೆನಪಿಗೆ ಬರದೆ ಎಲ್ಲಿ ಹೋಗುತ್ತದೆ.

2020ರ ಡಿಸೆಂಬರಿನಲ್ಲಿ 2,000 ಎಸಿಐಒ ಹುದ್ದೆಗೆ ಅರ್ಜಿ ಕರೆದರು. ಮಾಸ್ಕ್ ಹಾಕಿಕೊಂಡೇ ಪರೀಕ್ಷೆ ಬರೆದೆವು. ಈ ಸಲ ಅಪ್ಪನಿಗೆ ಮಾತ್ರ ಹೇಳಿದ್ದೆ, ಬಾಯಿ ಬಿಟ್ಟರೆ ಅನ್ನ ಬಿಡುತ್ತೇನೆ ಅಂತ ಹೆದರಿಸಿದ್ದೆ. ಅವರು ಕೇಳಿದವರಿಗೆಲ್ಲ ‘ಬ್ಯಾಂಕ್ ಎಕ್ಸಾಮು’ ಅಂದರು. ಎಷ್ಟು ಸಲೀಸಾಗಿ ಅಂದರು ಅಂದರೆ, ಈ ಕೆಲಸಕ್ಕೆ ನನಗಿಂತ ಅವರೇ ವಾಸಿ ಅನ್ನಿಸಿತು.

ಸಂಬಳ, ವರ್ಗಾವಣೆ ಇಂಥ ಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲ ವೇತನ 44,900ರಿಂದ ಶುರು, ಅದರ ಮೇಲೆ 20% ವಿಶೇಷ ಭದ್ರತಾ ಭತ್ಯೆ, ದೇಶದಲ್ಲಿ ಎಲ್ಲಿಗೆ ಹಾಕಿದರೂ ಹೋಗಬೇಕು. ಸಂಬಳವೂ ಒಂದು ಕಾರಣ ಅಂತ ಒಪ್ಪಿಕೊಂಡರೆ ಯಾರೂ ಮಾರ್ಕ್ಸ್ ಕಿತ್ತುಕೊಳ್ಳುವುದಿಲ್ಲ. ಕಾರಣವೇ ಅಲ್ಲ ಅಂದರೆ ನಂಬುವುದಿಲ್ಲ, ಅಷ್ಟೆ.

ಯೋಚಿಸಿಕೊಂಡು ಹೋಗಲೇಬೇಕಾದದ್ದು ಇನ್ನೊಂದು ಥರದ ಪ್ರಶ್ನೆ. ‘ಜನರ ಫೋನ್ ಕದ್ದು ಕೇಳುವ ಕೆಲಸಕ್ಕೆ ಬರ್ತಾ ಇದೀರಲ್ಲ, ಬೇಜಾರಿಲ್ವಾ?’ ಇದನ್ನು ನನಗೆ ನಗುತ್ತಲೇ ಕೇಳಿದರು. ನಾನು ಓದಿಕೊಂಡಿದ್ದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟ ಮೊಕದ್ದಮೆಯ ಅರ್ಜಿದಾರರು ನಮ್ಮ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದವರು. ಆ ತೀರ್ಪಿನ ಪ್ರಕಾರ ಸರ್ಕಾರ ಒಬ್ಬರ ಖಾಸಗಿ ಬದುಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಅಗತ್ಯ ಇರಬೇಕು, ಕೈ ಹಾಕುವುದೂ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. 2018ರ ಡಿಸೆಂಬರ್ 20ರ ಆದೇಶದಲ್ಲಿ ಗೃಹ ಸಚಿವಾಲಯ ಕಂಪ್ಯೂಟರ್ ಮಾಹಿತಿ ನೋಡುವ ಅಧಿಕಾರ ಕೊಟ್ಟ 10 ಸಂಸ್ಥೆಗಳ ಪಟ್ಟಿಯಲ್ಲಿ ಐಬಿಯೂ ಇದೆ. ‘ಅಧಿಕಾರ ಇದೆ ಅಂತ ಎಲ್ಲರದ್ದೂ ಕೇಳೋದಲ್ಲ ಸರ್, ಯಾರದ್ದು ಯಾಕೆ ಅಂತ ಬರವಣಿಗೆಯಲ್ಲಿ ಕಾರಣ ಕೊಡೋಕಾಗದೆ ಇದ್ರೆ ಮುಟ್ಟಬಾರದು’ ಅಂದೆ.

‘ಮೇಲಿನವರು ಮುಟ್ಟು ಅಂದ್ರೆ?’

ತುರ್ತು ಪರಿಸ್ಥಿತಿಯಲ್ಲಿ ಐಬಿಯನ್ನು ರಾಜಕೀಯಕ್ಕೆ ಬಳಸಿದ್ದರ ಬಗ್ಗೆ ಷಾ ಆಯೋಗ ಹೇಳಿದ್ದು ಗೊತ್ತಿತ್ತು. ಈ ಸಂಸ್ಥೆ ಯಾವ ಕಾನೂನಿನ ಮೇಲೆ ನಿಂತಿದೆ ಅಂತ ಐಬಿಯಲ್ಲೇ ಇದ್ದು ನಿವೃತ್ತರಾದ ಅಧಿಕಾರಿಯೊಬ್ಬರು ನಮ್ಮ ಹೈಕೋರ್ಟಿನಲ್ಲೇ ಪ್ರಶ್ನಿಸಿದ್ದೂ ಗೊತ್ತಿತ್ತು. ಎರಡನ್ನೂ ಹೇಳಿದೆ. ‘ಆದೇಶ ಬರವಣಿಗೆಯಲ್ಲಿ ಕೇಳ್ತೀನಿ’ ಅಂದೆ. ನಡುವೆ ಕೂತವರು ‘ಕೇಳಿ ನೋಡಿ’ ಅಂತ ಪಕ್ಕದವರ ಕಡೆ ತಿರುಗಿ ನಕ್ಕರು. ಆ ನಗುವನ್ನು ನನ್ನ ಹುಡುಗರಿಗೆ ಹೇಗೆ ವಿವರಿಸಬೇಕು ಅಂತ ಇವತ್ತಿಗೂ ಹೊಳೆದಿಲ್ಲ.

‘ಯಾಕೆ ಐಬಿ’ ಬಂದದ್ದು ಇವೆಲ್ಲ ಆದ ಮೇಲೆ. ನಾಲ್ಕು ಮಾತು ಹೇಳಿದೆ. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಬಲಗಡೆ ಕೂತಿದ್ದ ಮೇಡಂ ಕೇಳಿದರು, ‘14ರ ಬೆಳಿಗ್ಗೆ ನೀವು ಹೇಳಿದ್ರಿ ಅಂತಾನೇ ಇಟ್ಕೊಳ್ಳೋಣ. ಆ ಕಾನ್‌ಸ್ಟೇಬಲ್ ಏನು ಮಾಡ್ಬೇಕಿತ್ತು?’

ಇದಕ್ಕೆ ನಾನು ತಯಾರಿದ್ದೆ. ನೀಲಸಂದ್ರದ ಕಡೆ ಹಲ್ಲೆ ಕೇಸು ನಿಜವಾಗಿ ಆಗಿದೆಯಾ ನೋಡುವುದು. ಬೇರೆ ಏರಿಯಾದ ಪಿಜಿ, ಸೆಕ್ಯೂರಿಟಿ ಏಜೆನ್ಸಿ, ಹೋಟೆಲುಗಳಲ್ಲಿ ಇದೇ ಮೆಸೇಜು ಓಡಾಡುತ್ತಿದೆಯಾ ಕೇಳುವುದು. ಎಷ್ಟು ಜನ ಟಿಕೆಟ್ ಮಾಡಿಸುತ್ತಿದ್ದಾರೆ ಅಂತ ನಿಲ್ದಾಣದಲ್ಲಿ ವಿಚಾರಿಸುವುದು. ಸಂಜೆಯೊಳಗೆ ಮೇಲಕ್ಕೆ ಬರೆದು ಕಳಿಸುವುದು.

‘ಸುಳ್ಳು ಅಂತ ಖಚಿತ ಆಯ್ತು. ಅದನ್ನ ಜನಕ್ಕೆ ಯಾರು ಹೇಳ್ಬೇಕು? ಯಾವ ಭಾಷೆಯಲ್ಲಿ?’

ಇದಕ್ಕೆ ತಯಾರಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಆ ರಾತ್ರಿ ಮೈಕಿನಲ್ಲಿ ಕೂಗಿದ್ದು ನನ್ನ ಕಿವಿಯಲ್ಲಿ ಕನ್ನಡ, ಹಿಂದಿಯಲ್ಲೇ ಉಳಿದಿತ್ತು. ನಮ್ಮ ದೋಸೆ ಹುಡುಗ ಅವನ ರೂಮಿನವರ ಜೊತೆ ಬೋಡೊದಲ್ಲೇ ಮಾತಾಡುತ್ತಿದ್ದ. ‘ಅವರ ಭಾಷೆಯಲ್ಲಿ, ಅವರವರೇ ಹೇಳ್ಬೇಕು ಮೇಡಂ. ಪೊಲೀಸ್ ಹೇಳಿದ್ರೆ ಇನ್ನೂ ಹೆದರ್ತಾರೆ’ ಅಂದೆ. ಮೇಡಂ ಏನೋ ಬರೆದುಕೊಂಡರು.

ಆಮೇಲೆ ನಡುವಿನವರು: ‘ಅಪರಾಧಿ ಭಾವನೆಯಿಂದ ಈ ಕೆಲಸಕ್ಕೆ ಬರುವವರು ಕಂಡದ್ದಕ್ಕೆಲ್ಲ ಬೆಚ್ಚಿಬೀಳ್ತಾರೆ. ಇಲ್ಲದ್ದನ್ನೂ ವರದಿ ಮಾಡ್ತಾರೆ. ನಿಮ್ಮನ್ನ ಹೇಗೆ ನಂಬೋದು?’

ಮೂರು ಕಾಲಂ ಕಥೆ ಹೇಳಿದೆ. ಮೂರನೇ ಕಾಲಂ ಖಾಲಿ ಬಿಡಲು ಕಲಿತಿದ್ದೇನೆ ಅಂದೆ. ಅವರ ಮುಖ ಅರಳಿತು. ‘ಭೇಷ್! ಯಾರು ಕಲಿಸಿದ್ದು ಇದನ್ನ?’

‘ಅದೇ ಕಾನ್‌ಸ್ಟೇಬಲ್ ಸರ್.’

‘ಒಳ್ಳೆ ಮನುಷ್ಯ ಕಣ್ರೀ. ಯಾವ ಸ್ಟೇಷನ್? ಹೆಸರೇನು?’

ಹೇಳಿದೆ. ಹೆಸರು, ಠಾಣೆ, ಈಗ ಇರುವ ಏರಿಯಾ, ಮಗಳ ಮನೆ ಹತ್ತಿರ ಶಿಫ್ಟ್ ಆಗಿದ್ದು, ಎಲ್ಲ. ಹೊಗಳುತ್ತಿದ್ದಾರೆ ಅಂತ ಉಬ್ಬಿ ಹೇಳಿದೆ. ಅವರು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡು, ಫೈಲು ಮುಚ್ಚಿ, ‘ಥ್ಯಾಂಕ್ಯೂ, ನೀವು ಹೊರಡಬಹುದು’ ಅಂದರು.

ಬಸ್ಸಿನಲ್ಲಿ ಕಾರ್ಪೊರೇಷನ್ ಸರ್ಕಲ್ ದಾಟುವಾಗ ಹೊಳೆಯಿತು. ಸುದ್ದಿ ಕೊಟ್ಟವರ ಹೆಸರನ್ನು, ಕೊಡಬೇಕಾದ ಕಾರಣವೇ ಇಲ್ಲದವರಿಗೆ, ಒಂದು ‘ಭೇಷ್’ಗೆ ಕೊಟ್ಟುಬಿಟ್ಟಿದ್ದೆ. ಕಿಟಕಿ ಸರಳು ಹಿಡಿದುಕೊಂಡು ಹಾಗೇ ಕೂತಿದ್ದೆ, ಸ್ಟಾಪು ಎರಡು ಮುಂದೆ ಹೋಗಿತ್ತು.

ಪಟ್ಟಿಯಲ್ಲಿ ಹೆಸರು ಬರದಿದ್ದುದಕ್ಕೆ ಅದೊಂದೇ ಕಾರಣ ಅಂತ ಹೇಳುವುದಿಲ್ಲ. ಬರವಣಿಗೆಯಲ್ಲಿ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾಮನ ಮುಂದೆ ಒಪ್ಪಿಸಿದಾಗ ಅವರು ಕೆಮ್ಮು ಬರುವ ತನಕ ನಕ್ಕರು. ‘ಹೋಗ್ಲಿ ಬಿಡಪ್ಪ, ನಂದು ಪೆನ್ಷನ್ ಬರ್ತಾ ಐತಲ್ಲ’ ಅಂದರು. ಮೂರನೇ ಸಲ ಅರ್ಜಿ ಹಾಕಲಿಲ್ಲ. ಅಷ್ಟರಲ್ಲಿ ಎಫ್‌ಡಿಎ ಆದೇಶ ಬಂದಿತ್ತು. ಅಪ್ಪನ ಮಂಡಿ ನೋವು ಹೆಚ್ಚಾಗಿ ದರ್ಶಿನಿಯನ್ನೂ ಬೇರೆಯವರಿಗೆ ವಹಿಸಿದ್ದೆವು. ದೋಸೆ ಹುಡುಗ ಆ ವರ್ಷ ದಸರಾ ಹೊತ್ತಿಗೇ ವಾಪಸ್ ಬಂದು ಮತ್ತೆ ನಾಲ್ಕು ವರ್ಷ ಇದ್ದ. ಉಳಿದ ಮೂವರು ಬರಲಿಲ್ಲ.

ಭಾನುವಾರದ ಅಭ್ಯಾಸದಲ್ಲಿ ಈಗ ನಾನೂ ಅದೇ ಬಲೆ ಬೀಸುತ್ತೇನೆ. ‘ಯಾಕೆ ಐಬಿ’ಗೆ ಒಳ್ಳೆಯ ಉತ್ತರ ಕೊಟ್ಟವರನ್ನು ಹೊಗಳಿ, ಆ ಕಥೆಯಲ್ಲಿ ಬರುವವರು ಯಾರು, ಎಲ್ಲಿದ್ದಾರೆ ಅಂತ ಕೇಳುತ್ತೇನೆ. ಹೆಚ್ಚುಕಮ್ಮಿ ಎಲ್ಲರೂ ಹೇಳಿಬಿಡುತ್ತಾರೆ. ಚಿಂತಾಮಣಿ ಕಡೆಯ ಒಬ್ಬ ಹುಡುಗಿ ಮಾತ್ರ, ಅವಳ ಊರಿನಲ್ಲಿ ಚೀಟಿ ದುಡ್ಡು ಎತ್ತಿಕೊಂಡು ಓಡಿಹೋಗುವವನ ಸುಳಿವು ಒಬ್ಬಾಕೆ ಮೊದಲೇ ಕೊಟ್ಟಿದ್ದ ಕಥೆ ಹೇಳಿ, ನಾನು ಯಾರಮ್ಮ ಆಕೆ ಅಂದಾಗ, ‘ಅವರ ಹೆಸರು ಬೇಡ ಸರ್, ಬೇಕಾದ್ರೆ ಅವರನ್ನ ಕೇಳ್ಕೊಂಡು ಬಂದು ಹೇಳ್ತೀನಿ’ ಅಂದಳು. ನಾನು ಗದರಿದೆ, ಬೋರ್ಡು ಕೇಳಿದರೆ ಹೇಳಲೇಬೇಕು ಅಂದೆ. ‘ಮಾರ್ಕ್ಸ್ ಹೋದ್ರೆ ಹೋಗ್ಲಿ ಸರ್’ ಅಂದಳು.

ಆಮೇಲೆ ಅವಳು ಭಾನುವಾರಗಳಿಗೆ ಬರುವುದು ನಿಂತಿತು. ಈ ಸಲ ಯುಗಾದಿಯ ಮಾರನೇ ದಿನ ವಿಜಯನಗರ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಳು. ತಾಯಿಯ ಕೈಹಿಡಿದು ರಸ್ತೆ ದಾಟಿಸುತ್ತಿದ್ದಳು. ಎಲ್ಲಮ್ಮ ಈಗ ಅಂದೆ. ‘ಹೋಂ ಮಿನಿಸ್ಟ್ರಿಲಿ ಸರ್, ಆಫೀಸ್ ಕೆಲಸ’ ಅಂದಳು. ಯಾವ ಊರು ಅಂತ ಕೇಳಲು ಬಾಯಿ ತೆರೆದವನು ಸುಮ್ಮನಾಗಿ, ‘ಮತ್ತೆ ಏನ್ ಸಮಾಚಾರ?’ ಅಂದೆ.

‘ಏನಿಲ್ಲ ಸರ್’ ಅಂದಳು.